ಒಂದು ಗುಂಡಿ, ಹತ್ತು ಸಾಲು

"ಸಾರಿಗೊಂದು ಒಗ್ಗರಣೆ ಹಾಕು" ಅಂತ ಅಜ್ಜಿ ಹೇಳಿದಾಗ ಅಮ್ಮ ಏನೇನು ಮಾಡುತ್ತಾರೆ, ಎಣಿಸಿದ್ದೀರಾ? ಸೌಟು ಬಿಸಿಗಿಡಬೇಕು, ಎಣ್ಣೆ ಹಾಕಬೇಕು, ಸಾಸಿವೆ ಸಿಡಿಸಬೇಕು, ಇಂಗು, ಕರಿಬೇವು, ಆಮೇಲೆ ಚುಂಯ್ ಅಂತ ಸಾರಿಗೆ ಸುರಿಯಬೇಕು. ಅಜ್ಜಿ ಆಡಿದ್ದು ಒಂದೇ ಮಾತು. ಅದರ ಬೆನ್ನಿಗೆ ಆರು ಕೆಲಸ ಸಾಲಾಗಿ ನಿಂತಿವೆ!

ಕಂಪ್ಯೂಟರಿಗೂ ಇಂಥ ಮಾತು ಕಲಿಸಬಹುದು. ಅದಕ್ಕೆ ಮ್ಯಾಕ್ರೋ ಎನ್ನುತ್ತಾರೆ. ಗ್ರೀಕ್ ಭಾಷೆಯ 'ಉದ್ದ' ಎಂಬ ಅರ್ಥದ ಪದದಿಂದ ಬಂದ ಹೆಸರಿದು.

ನಿಮ್ಮ ರಜಾ ಅರ್ಜಿಯನ್ನೇ ನೋಡಿ. 'ಇವರಿಗೆ, ಮುಖ್ಯೋಪಾಧ್ಯಾಯರು' ಎಂಬಲ್ಲಿಂದ 'ಇಂತಿ ತಮ್ಮ ವಿಧೇಯ ವಿದ್ಯಾರ್ಥಿ' ತನಕ ಎಲ್ಲ ಸಲವೂ ಅದೇ ಸಾಲುಗಳು. ಬದಲಾಗುವುದು ತಾರೀಖು ಮತ್ತು ಕಾರಣ ಮಾತ್ರ, ಜ್ವರವೋ ಅತ್ತೆಯ ಮದುವೆಯೋ.

ಈಗ ಮೈಕ್ರೋಸಾಫ್ಟ್ ವರ್ಡ್ ತೆರೆಯೋಣ. 'ವ್ಯೂ' ಪಟ್ಟಿಯ 'ಮ್ಯಾಕ್ರೋಸ್' ಒಳಗೆ 'ರೆಕಾರ್ಡ್ ಮ್ಯಾಕ್ರೋ' ಇದೆ. ಅದನ್ನು ಒತ್ತಿ ಒಂದು ಹೆಸರಿಟ್ಟು, ಯಾವ ಗುಂಡಿಗೆ ಕಟ್ಟಬೇಕೆಂದು ಹೇಳಿಬಿಡಿ. ತಕ್ಷಣ ಮೌಸಿನ ಬಾಣದ ಪಕ್ಕ ಪುಟ್ಟ ಕ್ಯಾಸೆಟ್ಟಿನ ಚಿತ್ರ ಕಾಣುತ್ತದೆ. ಕ್ಯಾಸೆಟ್ ಅಂದರೇನೆಂದು ಅಜ್ಜನನ್ನು ಕೇಳಿ, ಅವರಿಗೆ ಖುಷಿಯಾದೀತು! ನೀವೀಗ ಅರ್ಜಿ ಟೈಪ್ ಮಾಡುತ್ತ ಹೋಗಿ, ಅದು ಗಮನಿಸುತ್ತ ಕೂರುತ್ತದೆ. ಮುಗಿದ ಮೇಲೆ ನಿಲ್ಲಿಸಿ. ಹೊಸ ಹಾಳೆ ತೆರೆದು ಆ ಗುಂಡಿ ಒತ್ತಿದರೆ ಸಾಲುಗಳೆಲ್ಲ ಸರಸರನೆ ಬಂದು ಕೂರುತ್ತವೆ.

ಮ್ಯಾಕ್ರೋ ಗಿಳಿಯ ಹಾಗೆ, ಕಲಿಸಿದ್ದನ್ನು ಒಪ್ಪಿಸುತ್ತದೆ, ಅರ್ಥ ಗೊತ್ತಿಲ್ಲ. ನೀವು ತಪ್ಪು ಅಕ್ಷರ ಬರೆದು ಅಳಿಸಿದರೆ ಅದೂ ಪ್ರತಿ ಸಲ ತಪ್ಪು ಬರೆದು ಅಳಿಸುತ್ತದೆ, ಪಾಪ! ಕಲಿಸುವಾಗ 'ಜೂನ್ 12' ಎಂದು ಟೈಪ್ ಮಾಡಿದ್ದರೆ ದೀಪಾವಳಿಗೂ ಜೂನ್ 12ರ ಅರ್ಜಿಯೇ. ಅದಕ್ಕೇ ತಾರೀಖನ್ನು ಕೈಯಾರೆ ಬರೆಯದೆ 'ಇನ್ಸರ್ಟ್' ಪಟ್ಟಿಯ 'ಡೇಟ್ ಅಂಡ್ ಟೈಮ್' ಇಂದ ತರಿಸಿ. ಆಗ ಅದು ಕಲಿಯುವುದು ತಾರೀಖನ್ನಲ್ಲ, 'ಕ್ಯಾಲೆಂಡರ್ ನೋಡಿ ಬರೆ' ಎಂಬ ಕೆಲಸವನ್ನು.

ಅರ್ಥ ಗೊತ್ತಿಲ್ಲದ ಗಿಳಿಗೆ ಕಿಡಿಗೇಡಿಗಳೂ ಪಾಠ ಹೇಳಬಲ್ಲರು. 1999ರ ಮಾರ್ಚಿನಲ್ಲಿ 'ಮೆಲಿಸ್ಸಾ' ಎಂಬ ಮ್ಯಾಕ್ರೋ ವರ್ಡ್ ಕಡತದೊಳಗೆ ಅಡಗಿ ಬಂತು. ಕಡತ ತೆರೆದವರ ವಿಳಾಸ ಪಟ್ಟಿಯಿಂದ ಮೊದಲ 50 ವಿಳಾಸಗಳಿಗೆ ತನ್ನನ್ನೇ ಇಮೇಲಿನಲ್ಲಿ ಕಳಿಸಿಕೊಂಡಿತು. ಹಾಗಾಗಿ ಗುರುತಿಲ್ಲದವರ ಕಡತ ಬಂದು, 'ಮ್ಯಾಕ್ರೋ ಓಡಿಸಲೇ?' ಎಂದು ವರ್ಡ್ ಕೇಳಿದರೆ ಬೇಡ ಅನ್ನಿ.

ಇನ್ನೊಂದು ಸಣ್ಣ ಚಮತ್ಕಾರ ಹೇಳದೆ ಬಿಡಲಾರೆ. ಕಲಿಸುವಾಗ ಕಾರಣದ ಸಾಲನ್ನು ಖಾಲಿ ಬಿಡಿ. ಅರ್ಜಿ ಮುಗಿದ ಮೇಲೆ, ರೆಕಾರ್ಡಿಂಗ್ ನಿಲ್ಲಿಸುವ ಮೊದಲು, ಮೇಲ್ಮುಖದ ಬಾಣದ ಗುಂಡಿ ಒತ್ತುತ್ತ ಆ ಸಾಲಿಗೆ ಹೋಗಿ. ಮುಂದಿನ ಸಲ ಅರ್ಜಿಯೆಲ್ಲ ತುಂಬಿ, ಕರ್ಸರ್ ತಾನಾಗಿ ಅಲ್ಲಿಗೆ ಬಂದು ಮಿಣುಕುತ್ತ ನಿಲ್ಲುತ್ತದೆ, ಈ ಸಲ ಜ್ವರವೋ ಮದುವೆಯೋ ಅಂತ.