ಮೂಡಲಪಾಳ್ಯದ ಮಕ್ಕಳು ಹೇಳಿದ ಲೆಕ್ಕ



ಇವತ್ತು 2025ರ ಮೇ 2. ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದಿದೆ. ಬೆಳಗ್ಗೆಯಿಂದ ನಮ್ಮ ಚಾನೆಲ್‌ನಲ್ಲೂ ಅದೇ ಸುದ್ದಿ. 625ಕ್ಕೆ 625 ತೆಗೆದ ಮಕ್ಕಳು, ಅವರ ಬಾಯಿಗೆ ಸ್ವೀಟ್ ಇಡೋ ಅಪ್ಪ ಅಮ್ಮ, ಯಾವ ಜಿಲ್ಲೆ ಫಸ್ಟು, ಯಾವ ಜಿಲ್ಲೆ ಲಾಸ್ಟು. ತೋರಿಸಿದ್ದು ತಪ್ಪಲ್ಲ, ಆ ಮಕ್ಕಳ ಶ್ರಮ ದೊಡ್ಡದು. ಆದ್ರೆ ನನಗೆ ಬೆಳಗ್ಗೆಯಿಂದ ಬೇರೊಂದು ಕ್ಲಾಸಿನ ಮಕ್ಕಳು ನೆನಪಾಗ್ತಾ ಇದ್ದಾರೆ. ಇವತ್ತಿನ ಮಾತು ಅವರದ್ದು.

ಫೆಬ್ರವರಿ ಕೊನೆಯಲ್ಲಿ ಮೂಡಲಪಾಳ್ಯದ ಒಂದು ಶಾಲೆಗೆ ಹೋಗಿದ್ದೆ. ಹತ್ತನೇ ಕ್ಲಾಸಿನವರ ಬೀಳ್ಕೊಡುಗೆ. ಕೆಳಗೆ ಅಂಗಡಿ, ಮೇಲೆ ಮನೆ, ಅಂಥ ಕಟ್ಟಡಗಳ ನಡುವೆ ಶಾಲೆ. ಅಪ್ಪ ಅಮ್ಮಂದಿರಲ್ಲಿ ಆಟೋ ಓಡಿಸೋರು, ಗಾರ್ಮೆಂಟ್ಸ್‌ಗೆ ಹೋಗೋರು, ಸಣ್ಣ ಅಂಗಡಿ ಇಟ್ಟುಕೊಂಡೋರು. ಹುಡುಗಿಯರು ಅಮ್ಮನ ಸೀರೆ ಉಟ್ಟಿದ್ರು. ಹುಡುಗರು ಬಿಳಿ ಶರ್ಟು, ಪಂಚೆ. ನನಗೆ ಭಾಷಣ ಮಾಡಿ ಅಂದ್ರು. "ಭಾಷಣ ಬೇಡ, ನೀವೇ ಹೇಳಿ. ಇಷ್ಟು ವರ್ಷದಲ್ಲಿ ಮರೆಯೋಕೆ ಆಗದ ದಿನ ಯಾವುದು?" ಅಂತ ಕೇಳಿದೆ.

ಸ್ಪೋರ್ಟ್ಸ್ ಡೇ, ಟೂರು ಅಂತಾರೆ ಅಂದ್ಕೊಂಡಿದ್ದೆ. ಮೊದಲು ಎದ್ದ ಹುಡುಗಿ ಹೇಳಿದ್ದು, "ಸರ್, ಏಳನೇ ಕ್ಲಾಸಲ್ಲಿ ಸ್ಕೂಲು ವಾಪಸ್ ಓಪನ್ ಆದ ದಿನ. ಎಲ್ರೂ ಮಾಸ್ಕ್ ಹಾಕ್ಕೊಂಡಿದ್ವಿ. ನನ್ನ ಪಕ್ಕ ಕೂರ್ತಿದ್ದವಳು ನನಗಿಂತ ಉದ್ದ ಆಗ್ಬಿಟ್ಟಿದ್ಲು. ಮಾತಾಡಿದ ಮೇಲೇ ಅವಳು ಅಂತ ಗೊತ್ತಾಗಿದ್ದು."

ಅಲ್ಲೇ ಕೂತು ಈ ಬ್ಯಾಚಿನ ಲೆಕ್ಕ ಹಾಕಿದೆ. ನೀವೂ ಹಾಕಿ ನೋಡಿ.

2020ರ ಮಾರ್ಚ್‌ನಲ್ಲಿ ಇವರು ಐದನೇ ಕ್ಲಾಸು. ಕೊರೊನಾ ಬಂತು, ಶಾಲೆ ಬಾಗಿಲು ಹಾಕ್ತು. ಆರನೇ ಕ್ಲಾಸು ಬಹುತೇಕ ಮನೆಯಲ್ಲೇ ಮುಗೀತು. ಬೆಳಗ್ಗೆ ಅಪ್ಪ ಆಟೋ ತಗೊಂಡು ಹೋದ್ರೆ ಫೋನೂ ಹೋಗ್ತಿತ್ತು, ಕ್ಲಾಸೂ ಹೋಗ್ತಿತ್ತು. ಏಳನೇ ಕ್ಲಾಸು ಶುರುವಾಗಿ, 2021ರ ಸೆಪ್ಟೆಂಬರ್ 6ಕ್ಕೆ ಶಾಲೆ ತೆರೀತು. ಜನವರಿಯಲ್ಲಿ ಬೆಂಗಳೂರಲ್ಲಿ ಮತ್ತೆ ಬಂದ್.

ಎಂಟನೇ ಕ್ಲಾಸಿಗೆ ಬಂದ್ರು. ಪರಿಷ್ಕೃತ ಪಠ್ಯಪುಸ್ತಕದ ಗಲಾಟೆ. ವರ್ಷದ ಕೊನೆಗೆ ಬೋರ್ಡ್ ಪರೀಕ್ಷೆ ಅಂದ್ರು. 2023ರ ಮಾರ್ಚ್ 10ರಂದು ಹೈಕೋರ್ಟ್ ಏಕಸದಸ್ಯ ಪೀಠ ಬೇಡ ಅಂತು, ವಿಭಾಗೀಯ ಪೀಠ ಮಾಡಿ ಅಂತು, 27ರಿಂದ ಪರೀಕ್ಷೆ ನಡೀತು. ಒಂಬತ್ತನೇ ಕ್ಲಾಸಿಗೆ ಸರ್ಕಾರ ಬದಲಾಗಿತ್ತು, ಕೆಲವು ಪಾಠಗಳು ಮತ್ತೆ ಬದಲಾದವು. ಇವರಿಗೇ ಮತ್ತೆ ಬೋರ್ಡ್ ಪರೀಕ್ಷೆ. 2024ರ ಮಾರ್ಚ್ 11ಕ್ಕೆ ಶುರು, ಮಾರನೇ ದಿನ ಸುಪ್ರೀಂ ಕೋರ್ಟ್ ತಡೆ, 25ಕ್ಕೆ ಮತ್ತೆ ಶುರು, ಏಪ್ರಿಲ್ 8ಕ್ಕೆ ರಿಸಲ್ಟ್‌ಗೂ ತಡೆ. ಒಬ್ಬ ಹುಡುಗ ಎದ್ದು, "ಸರ್, ಪರೀಕ್ಷೆ ಇದೆಯಾ ಇಲ್ವಾ ಅಂತ ನಿಮ್ಮ ಚಾನೆಲ್ ನೋಡ್ಕೊಂಡೇ ಓದ್ತಿದ್ವಿ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ನಗು ಬರಲಿಲ್ಲ.

ಹತ್ತನೇ ಕ್ಲಾಸಲ್ಲಿ ಪರೀಕ್ಷೆ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ. ಹಿಂದಿನ ಬ್ಯಾಚಿಗೆ ಶೇಕಡಾ 20ರಷ್ಟು ಗ್ರೇಸ್ ಅಂಕ ಕೊಟ್ಟಿದ್ರು, ಇವರಿಗೆ ಅದಿಲ್ಲ.

ಕಾಪಿ ತಡೀಬೇಕು, ಒಪ್ತೀನಿ. ಗ್ರೇಸ್ ಕೊಟ್ಟು ಪಾಸ್ ಮಾಡೋದು ಸರಿಯಲ್ಲ, ಅದನ್ನೂ ಒಪ್ತೀನಿ. ಆದ್ರೆ ನಾನು ಇಂಜಿನಿಯರಿಂಗ್ ಓದಿದವನು. ಲ್ಯಾಬ್‌ನಲ್ಲಿ ನಮಗೆ ಕಲಿಸಿದ ಮೊದಲ ಪಾಠ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ವೋಲ್ಟೇಜು, ರೆಸಿಸ್ಟೆನ್ಸು, ಮೀಟರು ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದ್ರೆ, ಕೊನೆಗೆ ಬರೋ ರೀಡಿಂಗ್‌ಗೆ ಅರ್ಥ ಇರಲ್ಲ. ಈ ಮಕ್ಕಳ ವಿಷಯದಲ್ಲಿ ಶಾಲೆ, ಪುಸ್ತಕ, ಪರೀಕ್ಷೆ, ಪಾಸಾಗೋ ನಿಯಮ, ಎಲ್ಲವೂ ಬದಲಾಗಿದೆ. ಕೊರೊನಾ ಯಾರ ಕೈಲೂ ಇರಲಿಲ್ಲ. ಉಳಿದದ್ದು ನಮ್ಮ ಕೈಲೇ ಇತ್ತು. ಇವತ್ತು ಬಂದ ರೀಡಿಂಗ್ ನೋಡಿ "ಮಕ್ಕಳು ದಡ್ಡರಾದ್ರು" ಅಂತ ಯಾರಾದ್ರೂ ಅಂದ್ರೆ, ಅವರು ಲೆಕ್ಕ ತಪ್ಪಿದ್ದಾರೆ ಅಂತಲೇ ಅರ್ಥ.

ಆ ದಿನ ಇನ್ನೊಂದು ಮಾತು ಬಂತು. ಹಿಂದಿನ ಬೆಂಚಿನ ಹುಡುಗ ಎದ್ದು ಹೇಳಿದ, "ಸರ್, ಐದನೇ ಕ್ಲಾಸಲ್ಲಿ ನನ್ನ ಪಕ್ಕ ಒಬ್ಬ ಕೂರ್ತಿದ್ದ. ಲಾಕ್‌ಡೌನ್‌ನಲ್ಲಿ ಅವರ ಮನೆಯವರು ಊರಿಗೆ ಹೋದ್ರು, ರಾಯಚೂರು ಕಡೆ. ವಾಪಸ್ ಬರಲೇ ಇಲ್ಲ. ಈಗ ಗ್ಯಾರೇಜಲ್ಲಿ ಕೆಲಸ ಮಾಡ್ತಾನೆ. ಇವತ್ತು ಅವನೂ ಇರಬೇಕಿತ್ತು." ಸಭೆ ಸುಮ್ಮನಾಯ್ತು. ಇವತ್ತಿನ ಯಾವ ಶೇಕಡಾವಾರು ಲೆಕ್ಕದಲ್ಲೂ ಆ ಹುಡುಗ ಇಲ್ಲ. ಅವನು ಫೇಲಾಗಿಲ್ಲ, ಯಾಕಂದ್ರೆ ಪರೀಕ್ಷೆಗೇ ಕೂತಿಲ್ಲ. ಅವನು ಎಲ್ಲಿ ಹೋದ ಅಂತ ನೆನಪಿಟ್ಟುಕೊಂಡಿದ್ದು ಇಲಾಖೆಯಲ್ಲ, ನಾವೂ ಅಲ್ಲ. ಪಕ್ಕ ಕೂರ್ತಿದ್ದ ಗೆಳೆಯ. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಯೋಕೆ ದಾರಿ ಇದೆ ಅಂತ ಅವನಿಗೆ ಹೇಳು ಅಂದೆ. "ಹೇಳಿದೀನಿ ಸರ್, ಪುಸ್ತಕ ನಾನೇ ಕಳಿಸ್ತೀನಿ" ಅಂದ.

ಈಗ ಇವತ್ತಿನ ರಾತ್ರಿಗೆ ಬರೋಣ. ಪರೀಕ್ಷೆ-1 ಬರೆದವರು 8 ಲಕ್ಷ 40 ಸಾವಿರಕ್ಕೂ ಹೆಚ್ಚು. ಪಾಸಾದವರು ಸುಮಾರು 5 ಲಕ್ಷ 25 ಸಾವಿರ. ಅಂದ್ರೆ, ರಿಪೀಟರ್ಸೂ ಸೇರಿ, 3 ಲಕ್ಷಕ್ಕೂ ಹೆಚ್ಚು ಮನೆಗಳಲ್ಲಿ ಇವತ್ತು ಸ್ವೀಟ್ ಬಂದಿಲ್ಲ. ಆ ಮನೆಗಳ ಅಪ್ಪಂದಿರೇ, ಅಮ್ಮಂದಿರೇ, ನಿಮಗೆ ಕೈ ಮುಗಿದು ಕೇಳ್ತೀನಿ. ಇವತ್ತು ಪಕ್ಕದ ಮನೆ ಮಗುವಿನ ಮಾರ್ಕ್ಸ್ ಮಾತು ಬೇಡ. ಊಟ ಬಡಿಸಿ, ಜೊತೆಗೆ ಕೂತು ಊಟ ಮಾಡಿ. ಮೇ 26ರಿಂದ ಪರೀಕ್ಷೆ-2 ಇದೆ, ಅದಾದ ಮೇಲೆ ಪರೀಕ್ಷೆ-3 ಇದೆ. ಮಗು ಮಾತು ಬಿಟ್ಟು ರೂಮಲ್ಲಿ ಕೂತಿದ್ರೆ ಒಂಟಿಯಾಗಿ ಬಿಡಬೇಡಿ. 14416, ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಸಂಜೆ ಸ್ಟುಡಿಯೋಗೆ ಬರೋ ಮುಂಚೆ ಆ ಶಾಲೆಯ ಮೇಡಂಗೆ ಫೋನ್ ಮಾಡಿದ್ದೆ. ಎಷ್ಟು ಪರ್ಸೆಂಟ್ ಅಂತ ಕೇಳೋಕೆ ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರೇ ಹೇಳಿದ್ರು, "ಗಣಿತದಲ್ಲಿ ಹೋಗಿರೋ ಒಬ್ಬಳ ಮನೆಗೆ ಅವಳ ಫ್ರೆಂಡ್ಸ್ ಹೋಗಿದ್ದಾರೆ ಸರ್. 26ರವರೆಗೆ ದಿನಾ ಒಟ್ಟಿಗೆ ಕೂತು ಓದಿಸ್ತಾರಂತೆ."

ನಾನು ಪರ್ಸೆಂಟ್ ಕೇಳಲಿಲ್ಲ.