ದೂರದ ನಗರದಲ್ಲಿ ಬಿಡಾರ

ನಮ್ಮ ಊರು ಚಿಕ್ಕಪಡಸಲಗಿ. ಜಮಖಂಡಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯ ಮೇಲಿರುವ ಈ ಊರನ್ನು, 1989ರಲ್ಲಿ ರೈತರೇ ಹಣ ಕೂಡಿಸಿ, ಬೆವರು ಸುರಿಸಿ ಕಟ್ಟಿದ ಬ್ಯಾರೇಜಿನಿಂದಾಗಿ ಅನೇಕರು ಬಲ್ಲರು. ನಮ್ಮಲ್ಲಿಗೆ ಬಂದ ಅತಿಥಿಗೆ ಬಿಡಾರದ ಚಿಂತೆಯಿಲ್ಲ. ಪಡಸಾಲೆಯಲ್ಲಿ ಕಂಬಳಿ ಹಾಸಿದರೆ ಅದೇ ವಸತಿ. ಒಳಗೆ ಬಡಿದ ರೊಟ್ಟಿಯೇ ಊಟ. ಅಂಥ ಊರಿನವನಾದ ನಾನು ಐವತ್ತು ದಾಟಿದ ಮೇಲೆ ಜಪಾನಿನ ಒಸಾಕಾ ನಗರದಲ್ಲಿ ಹೋಟೆಲು ಹುಡುಕಬೇಕಾಯಿತು. ಹೋಟೆಲೆಂದೊಡನೆ ನಮ್ಮವರಿಗೆ ಚಹವೂ ಚೂಡವೂ ನೆನಪಾಗುತ್ತವೆ. ನಾನು ಹೇಳುತ್ತಿರುವುದು ತಂಗುವ ಹೋಟೆಲಿನ ಮಾತು.

ಮಗ ಅಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ಬಿಡಾರವೋ ಒಂದೇ ಕೋಣೆ. ಅದರಲ್ಲಿ ಮೂವರು ಮಲಗುವಂತಿಲ್ಲ. ಬೇಸಿಗೆ ರಜೆಯಲ್ಲಿ ನಾವಿಬ್ಬರೂ ಹೊರಟೆವು. ಏಪ್ರಿಲ್ 29ರಿಂದ ಮೇ 5ರವರೆಗೆ ಜಪಾನೀಯರಿಗೂ ರಜೆಗಳ ಸಾಲು ಎಂಬುದನ್ನು ನಾನು ಮೊದಲು ಅರಿಯಲಿಲ್ಲ. ಆ ವಾರ ಕೋಣೆಗಳ ಬೆಲೆ ಏರಿರುತ್ತದೆ. ಚೆರ್ರಿ ಹೂ ಅರಳುವ ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲೂ ಹಾಗೆಯೇ. ಪ್ರತಿ ಶನಿವಾರದ ರಾತ್ರಿಯೂ ಸಾಮಾನ್ಯವಾಗಿ ತುಟ್ಟಿ. ಆದ್ದರಿಂದ ಬೆಲೆಯೊಂದನ್ನೇ ನೋಡಿ, ಎಲ್ಲಕ್ಕಿಂತ ಅಗ್ಗವಾದ ಹೋಟೆಲನ್ನು ಹಿಡಿದೆ. "ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆ" ಎಂದು ಅದರ ವಿವರದಲ್ಲಿ ಬರೆದಿತ್ತು. ಹತ್ತು ನಿಮಿಷವೆಂದರೆ ನಮ್ಮ ಮನೆಯಿಂದ ಹೊಳೆಗೆ ಹೋದಷ್ಟೇ ಅಲ್ಲವೆ, ಎಂದುಕೊಂಡೆ.

ಜಪಾನಿನ ಮನೆ ಜಾಹೀರಾತುಗಳಲ್ಲಿ ಒಂದು ನಿಮಿಷದ ನಡಿಗೆಯೆಂದರೆ 80 ಮೀಟರ್ ಎಂಬ ಕಟ್ಟಳೆ ಇದೆಯೆಂದು ಮಗ ಬಳಿಕ ತಿಳಿಸಿದ. ಆ ಲೆಕ್ಕದಲ್ಲಿ ಹತ್ತು ನಿಮಿಷಕ್ಕೆ 800 ಮೀಟರ್. ಅದು ಬರಿಗೈಯಲ್ಲಿ ನಡೆಯುವವರ ಅಳತೆ. ಎರಡು ಪೆಟ್ಟಿಗೆ, ಒಂದು ಕೈಚೀಲ, ಮೊಳಕಾಲು ನೋವು ಇವು ಅದರಲ್ಲಿ ಸೇರಿಲ್ಲ. ನಾವು ಮೇಲೆ ಬಂದ ದ್ವಾರದಲ್ಲಿ ಮೆಟ್ಟಿಲುಗಳೇ ಇದ್ದವು. ಲಿಫ್ಟು ಇದ್ದ ದ್ವಾರ ಬೇರೆ ಕಡೆ ಇತ್ತು. ನಮ್ಮ ಮನೆಯವರು ಮೂರು ಸಲ ನಿಂತರು. "ಇನ್ನ ಎಷ್ಟ ದೂರ ಐತ್ರೀ?" ಎಂದು ಒಮ್ಮೆ ಕೇಳಿ, ಮತ್ತೆ ಕೇಳಲಿಲ್ಲ. ಆ ಮೌನವೇ ನನಗೆ ಹೆಚ್ಚು ಭಾರವಾಯಿತು. ಹೋಟೆಲಿನವರು ಸುಳ್ಳು ಹೇಳಿರಲಿಲ್ಲ. ಕೇಳಬೇಕಾದುದನ್ನು ನಾನೇ ಕೇಳಿರಲಿಲ್ಲ.

ಕೋಣೆ ಚೊಕ್ಕಟವಾಗಿತ್ತು, ಆದರೆ ಪೆಟ್ಟಿಗೆ ತೆರೆದರೆ ಕಾಲಿಡಲು ತಾವಿಲ್ಲ. ಅಲ್ಲಿ ವ್ಯಾಪಾರಸ್ಥರಿಗೆಂದು ಕಟ್ಟಿದ ಹೋಟೆಲುಗಳಲ್ಲಿ ಕೋಣೆಗಳು ಹನ್ನೆರಡು ಹದಿನೈದು ಚದರ ಮೀಟರ್ ಇರುವುದೇ ಹೆಚ್ಚು. 'ಸೆಮಿ ಡಬಲ್' ಎಂದರೆ ಇಬ್ಬರ ಮಂಚವೆಂದು ನಾನು ತಿಳಿದೆ. ಅದರ ಅಗಲ ಸುಮಾರು 120 ಸೆಂಟಿಮೀಟರ್. 'ಟ್ವಿನ್' ಎಂದರೆ ಎರಡು ಬೇರೆ ಮಂಚಗಳು. ಹಾಸಿಗೆಯಿದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಮಕ್ಕಳಿಗೆ ಎಷ್ಟೋ ವರ್ಷ ಕಲಿಸಿದವನು, ಆ ರಾತ್ರಿ ಅದರ ಅರ್ಥವನ್ನು ಮೈಯಾರೆ ಕಲಿತೆ. ಸ್ನಾನದ ಮನೆಯ ಹೊಸ್ತಿಲೂ ಎತ್ತರ. ಮೊಳಕಾಲಿನವರು ಅದನ್ನೂ ವಿಚಾರಿಸಬೇಕು.

ರಜೆಯ ಸಾಲು ಮುಗಿದು ಬೆಲೆ ಇಳಿದ ಮೇಲೆ ನಾವು ಬೇರೆಡೆಗೆ ಹೋದೆವು. ಈ ಸಲ ನಾನು ಮೊದಲು ನಗರದ ನಕ್ಷೆಯನ್ನು ನೋಡಿದೆ. ಒಸಾಕಾಕ್ಕೆ ಎರಡು ನಡುಭಾಗಗಳು: ಉತ್ತರದಲ್ಲಿ ಉಮೇದಾ, ದಕ್ಷಿಣದಲ್ಲಿ ನಂಬಾ. 1933ರಲ್ಲಿ ಆರಂಭವಾದ ಮಿದೋಸುಜಿ ಎಂಬ ನೆಲದಡಿಯ ರೈಲುಮಾರ್ಗ ಇವೆರಡನ್ನೂ, ಅತಿವೇಗದ ರೈಲು ನಿಲ್ಲುವ ಶಿನ್-ಒಸಾಕಾವನ್ನೂ, ತೆನ್ನೋಜಿಯನ್ನೂ ಒಂದೇ ದಾರದಲ್ಲಿ ಪೋಣಿಸುತ್ತದೆ. ಸಮುದ್ರದಲ್ಲಿ ಮಣ್ಣು ತುಂಬಿ ಮಾಡಿದ ನಡುಗಡ್ಡೆಯ ಮೇಲೆ 1994ರಲ್ಲಿ ತೆರೆದ ವಿಮಾನ ನಿಲ್ದಾಣದಿಂದ ನಂಬಾಕ್ಕೆ ನೇರ ರೈಲುಂಟು. ಈ ಸಾಲಿನಲ್ಲಿ, ನಿಲ್ದಾಣದ ಲಿಫ್ಟಿಗೆ ಹತ್ತಿರವಾದ ಬಿಡಾರ ಸಿಕ್ಕರೆ ತುಸು ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

ಬಿಡಾರಗಳಲ್ಲಿಯೂ ಬಗೆಗಳಿವೆ. 'ರ್ಯೋಕಾನ್' ಎಂಬುದು ಹಳೆಯ ಪದ್ಧತಿಯ ವಸತಿ: ಚಾಪೆಯ ನೆಲ, ನೆಲದ ಮೇಲೆಯೇ ಹಾಸಿಗೆ. ನಮಗಿದು ಮನೆಯಂತೆಯೇ ತೋರುತ್ತದೆ, ಏಳಲು ಕಷ್ಟವಿಲ್ಲದವರಿಗೆ ಮಾತ್ರ. ಅಲ್ಲಿ ಬೆಲೆಯನ್ನು ಕೋಣೆಗಲ್ಲ, ತಲೆಗೆ ಎಣಿಸುವುದುಂಟು, ಕೇಳಿಕೊಳ್ಳಬೇಕು. 1979ರಲ್ಲಿ ಒಸಾಕಾದಲ್ಲಿಯೇ ಮೊದಲು ಹುಟ್ಟಿದ 'ಕ್ಯಾಪ್ಸೂಲ್' ಹೋಟೆಲಿನಲ್ಲಿ ಗೂಡಿನಂಥ ಪೆಟ್ಟಿಗೆಯೊಳಗೆ ಒಬ್ಬರೇ ಮಲಗಬೇಕು. ತರುಣರಿಗೆ ಅದು ಸಾಕು, ದಂಪತಿಗಳಿಗಲ್ಲ.

ಊಟದ ಮಾತು ಇನ್ನೂ ಮುಖ್ಯ. ಅಲ್ಲಿ ಕಾಯಿಪಲ್ಲೆಯೇ ಕಂಡ ಸಾರಿನಲ್ಲಿಯೂ ಒಣಮೀನಿನ ರಸ ಸೇರಿರುವುದು ಸಾಮಾನ್ಯ. ಹೋಟೆಲಿನ ಬೆಳಗಿನ ಊಟವನ್ನು ನಂಬಿ ಹಣ ಕಟ್ಟುವ ಮೊದಲು ಸಸ್ಯಾಹಾರಿಗಳು ವಿಚಾರಿಸಬೇಕು. ನಾವು ಒಯ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಗಳು ಎಷ್ಟೋ ಹೊತ್ತು ಕಾಪಾಡಿದವು. ನಂಬಾದಿಂದ ರೈಲು ಹಿಡಿದು ಕೋಯಾ ಬೆಟ್ಟಕ್ಕೆ ಹೋದರೆ ಆ ಚಿಂತೆಯೂ ಇಲ್ಲ. ನಮ್ಮ ನೃಪತುಂಗನ ಕಾಲದಲ್ಲಿ, 816ರಲ್ಲಿ, ಕೂಕಾಯ್ ಎಂಬ ಯತಿ ನೆಲೆಗೊಳಿಸಿದ ಆ ಕ್ಷೇತ್ರದ ಸುಮಾರು ಐವತ್ತು ಗುಡಿಗಳಲ್ಲಿ ಯಾತ್ರಿಕರಿಗೆ ವಸತಿಯುಂಟು. ಮಾಂಸ, ಮೀನುಗಳಿಲ್ಲದ ಊಟ, ಬೆಳಗಿನ ಪ್ರಾರ್ಥನೆ. ನಮ್ಮ ಮಠಗಳನ್ನು ನೆನೆಸುವಂಥದು. ಆದರೆ ಅದು ದಾಸೋಹವಲ್ಲ, ಹಣ ಕೊಡಬೇಕು.

ಇನ್ನೆರಡು ಮಾತು. ಕೋಣೆ ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆ ಸಿಗುತ್ತದೆ, ಬೆಳಗ್ಗೆ ಹತ್ತು ಹನ್ನೊಂದಕ್ಕೆ ಬಿಡಬೇಕು. ನಡುವೆ ಸಾಮಾನನ್ನು ಅವರಲ್ಲಿ ಇಡಲು ಕೇಳಬಹುದು. ಪಾಸ್‌ಪೋರ್ಟು ಕೈಯಲ್ಲಿರಬೇಕು. 2017ರಿಂದ ಒಸಾಕಾದಲ್ಲಿ ವಸತಿಯ ಮೇಲೆ ತೆರಿಗೆಯೂ ಇದೆ.

ಹೊಸ ಬಿಡಾರ ನಿಲ್ದಾಣದ ಲಿಫ್ಟಿನಿಂದ ನೂರು ಹೆಜ್ಜೆಯೊಳಗೆ ಇತ್ತು. ಕೋಣೆ ಮೊದಲಿನದಕ್ಕಿಂತ ದೊಡ್ಡದೇನಲ್ಲ. ಆದರೂ ಆ ಸಂಜೆ ನಮ್ಮ ಮನೆಯವರು ತಾವಾಗಿಯೇ, "ನಡೀರಿ, ಸ್ವಲ್ಪ ತಿರಗ್ಯಾಡಿ ಬರೂಣು" ಎಂದರು. ಅವರು ಆ ಊರನ್ನು ನೋಡತೊಡಗಿದ್ದು ಅಂದಿನಿಂದ.

'ಕೆಡು' ಎಂಬ ಧಾತುವಿನಿಂದ 'ಕೇಡು' ಆದಂತೆ, 'ಬಿಡು' ಎಂಬುದರಿಂದ 'ಬೀಡು' ಆಯಿತೆಂದು ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಹೊತ್ತ ಹೊರೆಯನ್ನು ಕೆಳಗೆ ಬಿಡುವ ತಾಣವೇ ಬೀಡು. ಕೋಣೆಯ ಚಿತ್ರ ನೋಡುವ ಮೊದಲು ನಮ್ಮ ಹೊರೆ ಎಷ್ಟು, ಅದನ್ನು ಹೊರುವವರು ಯಾರು ಎಂದು ಎಣಿಸಿದರೆ, ಯಾವ ದೇಶದಲ್ಲಿಯೂ ಬಿಡಾರ ತಪ್ಪುವುದಿಲ್ಲ.