ಅಸ್ತಮಾ ನಿಯಂತ್ರಣದಲ್ಲಿ ನಿಶ್ವಾಸ ಪರೀಕ್ಷೆಯ ಪಾತ್ರ

(ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಗಳ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಾಠ)



ಉಬ್ಬಸವುಳ್ಳವರ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತೊಂದುಂಟು: ‘ಈಗ ಆರಾಮಾಗಿದ್ದಾರೆ, ಪಂಪು ಬಿಟ್ಟಿದ್ದಾರೆ.’ ಈ ಮಾತಿನ ಮೊದಲರ್ಧ ಸಂತೋಷದ ಸಂಗತಿ. ಉಳಿದರ್ಧ ಅಪಾಯದ ಸಂಗತಿ. ರೋಗಿಗೆ ಹಾಯೆನಿಸುವುದು ಬೇರೆ, ರೋಗವು ಹತೋಟಿಯಲ್ಲಿರುವುದು ಬೇರೆ. ಈ ಅಂತರವನ್ನು ಅಳೆದು ತೋರಿಸಲು ನೆರವಾಗುವ ಸಾಧನಗಳಲ್ಲಿ ನಿಶ್ವಾಸ ಪರೀಕ್ಷೆಯೂ ಒಂದು.

ಅಸ್ತಮಾದಲ್ಲಿ ಮುಖ್ಯವಾಗಿ ಎರಡು ತೊಂದರೆಗಳು ಜೊತೆಗೂಡಿರುತ್ತವೆ. ಶ್ವಾಸನಾಳದ ಸುತ್ತಲಿನ ಸ್ನಾಯುಗಳು ಬಿಗಿಯುವುದು ಒಂದು. ನಾಳದ ಒಳಪದರವು ಉರಿಯೂತದಿಂದ ಊದಿಕೊಂಡಿರುವುದು ಇನ್ನೊಂದು. ಸಾಲ್ಬ್ಯುಟಮಾಲ್‌ನಂತಹ ಶಮನಕಾರಿ ಔಷಧವು ಬಿಗಿತವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಆದರೆ ಉರಿಯೂತವನ್ನು ಮುಟ್ಟುವುದಿಲ್ಲ. ಅದನ್ನು ತಗ್ಗಿಸುವುದು ಬುಡೆಸೊನೈಡ್‌ನಂತಹ, ಉಸಿರಿನ ಮೂಲಕ ಸೇದುವ ಸ್ಟಿರಾಯ್ಡ್ ಔಷಧ. ಅದನ್ನು ನಿಲ್ಲಿಸಿದ ಮೇಲೂ ಕೆಲವು ದಿನ ಏನೂ ಆಗದಂತೆ ತೋರಬಹುದು. ಒಳಗಿನ ಉರಿಯೂತವು ಬೂದಿ ಮುಚ್ಚಿದ ಕೆಂಡದಂತೆ ಉಳಿದಿರುತ್ತದೆ. ಶೀತ, ಧೂಳು ಅಥವಾ ಹೊಗೆಯ ನೆಪದಿಂದ ಅದು ಭುಗಿಲೆದ್ದರೆ ಪ್ರಾಣಕ್ಕೇ ಸಂಚಕಾರ ಬರಬಹುದು.

ಈ ಕೆಂಡದ ಸುಳಿವು ಉಸಿರಿನಲ್ಲಿಯೇ ದೊರೆಯುತ್ತದೆ. ವಾಹನಗಳ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ನಮ್ಮ ದೇಹವೂ ಅತ್ಯಲ್ಪ ಪ್ರಮಾಣದಲ್ಲಿ ತಯಾರಿಸುತ್ತದೆ. ಮನುಷ್ಯರ ನಿಶ್ವಾಸದಲ್ಲಿ ಈ ಅನಿಲವಿದೆಯೆಂಬುದನ್ನು ಸ್ವೀಡನ್ನಿನ ವಿಜ್ಞಾನಿಗಳು 1991ರಲ್ಲಿ ಪ್ರಕಟಿಸಿದರು. ಅಸ್ತಮಾ ರೋಗಿಗಳಲ್ಲಿ ಅದರ ಪ್ರಮಾಣ ಹೆಚ್ಚೆಂಬುದು 1993ರಲ್ಲಿ ವರದಿಯಾಯಿತು. ಅಲರ್ಜಿ ಸ್ವರೂಪದ ಉರಿಯೂತವಿದ್ದಾಗ ಶ್ವಾಸನಾಳದ ಒಳಪದರದ ಕೋಶಗಳು ಈ ಅನಿಲವನ್ನು ಹೆಚ್ಚಾಗಿ ಹೊರಸೂಸುವುದೇ ಇದಕ್ಕೆ ಕಾರಣ. ಇದನ್ನು ಅಳೆಯುವ ವಿಧಾನಕ್ಕೆ ‘ಫೆನೋ’ ಪರೀಕ್ಷೆ ಎಂದು ಹೆಸರು.

ಪರೀಕ್ಷೆಯಲ್ಲಿ ಸೂಜಿಯಿಲ್ಲ, ರಕ್ತವಿಲ್ಲ, ನೋವಿಲ್ಲ. ರೋಗಿಯು ಉಪಕರಣದ ಕೊಳವೆಯ ಮೂಲಕ ಶೋಧಿಸಿದ ಗಾಳಿಯನ್ನು ಪೂರ್ಣವಾಗಿ ಒಳಗೆಳೆದುಕೊಂಡು, ಸೆಕೆಂಡಿಗೆ 50 ಮಿಲಿಲೀಟರ್ ವೇಗದಲ್ಲಿ ಒಂದೇ ಸಮನೆ ಹೊರಬಿಡಬೇಕು. ಹಿರಿಯರಿಗೆ ಸಾಮಾನ್ಯವಾಗಿ 10 ಸೆಕೆಂಡು, ಚಿಕ್ಕ ಮಕ್ಕಳಿಗೆ 6 ಸೆಕೆಂಡು ಸಾಕು. ವೇಗ ಬದಲಾದರೆ ಅಳತೆಯೂ ಬದಲಾಗುವುದರಿಂದ ಈ ನಿಯಮ. ಮೂಗಿನ ಸುತ್ತಲಿನ ಕುಹರಗಳಲ್ಲಿ ಇದೇ ಅನಿಲ ಬಹಳ ಹೆಚ್ಚಾಗಿರುವುದರಿಂದ ಅದು ಬೆರೆಯದಂತೆ ಉಪಕರಣವು ಅಲ್ಪ ತಡೆಯನ್ನು ಒಡ್ಡುತ್ತದೆ. ಆ ತಡೆಗೆದುರಾಗಿ ಊದುವಾಗ ಮೃದು ಅಂಗುಳು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚುತ್ತದೆ.

ಫಲಿತಾಂಶವು ನೂರು ಕೋಟಿ ಭಾಗ ಗಾಳಿಯಲ್ಲಿ ಎಷ್ಟು ಭಾಗ ಈ ಅನಿಲವಿದೆ ಎಂಬ ಸಂಖ್ಯೆಯಾಗಿ ಬರುತ್ತದೆ. ಅಮೆರಿಕದ ಥೊರಾಸಿಕ್ ಸೊಸೈಟಿಯು 2011ರಲ್ಲಿ ನೀಡಿದ ಮಾರ್ಗಸೂಚಿಯಂತೆ ವಯಸ್ಕರಲ್ಲಿ 25ಕ್ಕಿಂತ ಕಡಿಮೆಯಿದ್ದರೆ ಅಲರ್ಜಿ ಸ್ವರೂಪದ ಉರಿಯೂತದ ಸಂಭವ ಕಡಿಮೆ. 50ಕ್ಕಿಂತ ಹೆಚ್ಚಿದ್ದರೆ ಸಂಭವ ಅಧಿಕ. ಮಕ್ಕಳಿಗೆ ಈ ಮಿತಿಗಳು 20 ಮತ್ತು 35.

ಇಬ್ಬರು ರೋಗಿಗಳಿಗೆ ಒಂದೇ ಬಗೆಯ ಕೆಮ್ಮು, ದಮ್ಮು ಇವೆಯೆಂದು ಭಾವಿಸೋಣ. ಮೊದಲನೆಯವರ ಸಂಖ್ಯೆ 70. ಆಗ ವೈದ್ಯರು ಮೊದಲು ಕೇಳಬೇಕಾದುದು, ಔಷಧವನ್ನು ದಿನವೂ, ಸರಿಯಾದ ಕ್ರಮದಲ್ಲಿ ಸೇದುತ್ತಿದ್ದಾರೆಯೇ ಎಂದು. ಎರಡನೆಯವರ ಸಂಖ್ಯೆ 15. ಅವರಿಗೆ ಸ್ಟಿರಾಯ್ಡ್ ಪ್ರಮಾಣ ಏರಿಸುವುದಕ್ಕಿಂತ, ಬೇರೆ ಕಾರಣವಿದೆಯೇ ಎಂದು ಹುಡುಕುವುದು ಹೆಚ್ಚು ಸೂಕ್ತವಾಗಬಹುದು. ಲಕ್ಷಣ ಒಂದೇ ಆದರೂ ದಾರಿ ಎರಡು.

ಆದರೆ ಸಂಖ್ಯೆಯೊಂದೇ ತೀರ್ಪಲ್ಲ. ಧೂಮಪಾನಿಗಳಲ್ಲಿ ಅದು ತಗ್ಗುತ್ತದೆ. ಅಲರ್ಜಿಯ ನೆಗಡಿಯಿದ್ದರೆ ಏರುತ್ತದೆ. ಬೀಟ್‌ರೂಟ್, ಸೊಪ್ಪು ಮುಂತಾದ ನೈಟ್ರೇಟ್ ಹೆಚ್ಚಿರುವ ಆಹಾರ ಸೇವಿಸಿದರೂ ಏರಬಹುದು. ಈ ಬಗೆಯ ಉರಿಯೂತವಿಲ್ಲದ ಅಸ್ತಮಾವೂ ಉಂಟು. ಪರೀಕ್ಷೆಯ ಆಧಾರದಿಂದ ಚಿಕಿತ್ಸೆಯನ್ನು ಹೊಂದಿಸಿದಾಗ ತೀವ್ರ ದಾಳಿಗಳ ಸಂಖ್ಯೆ ಇಳಿಯುತ್ತದೆಂದು ಅಧ್ಯಯನಗಳು ತೋರಿಸಿವೆ. ದಿನನಿತ್ಯದ ಲಕ್ಷಣಗಳಲ್ಲಿ ಅಷ್ಟು ದೊಡ್ಡ ವ್ಯತ್ಯಾಸ ಕಂಡುಬಂದಿಲ್ಲ. ಆದುದರಿಂದ ರೋಗಿಯ ಮಾತು, ಸ್ಪೈರೋಮೀಟರ್ ಪರೀಕ್ಷೆ ಮತ್ತು ಈ ಸಂಖ್ಯೆ ಮೂರನ್ನೂ ಸೇರಿಸಿ ನೋಡುವುದೇ ವಿಹಿತ.

ಈ ಉಪಕರಣವಿಲ್ಲದ ಊರಿನಲ್ಲಿ ಮಾಡತಕ್ಕದ್ದೇನು? ನಾಲ್ಕು ಪ್ರಶ್ನೆಗಳಿಗೆ ಯಾವ ಯಂತ್ರವೂ ಬೇಕಿಲ್ಲ. ಕಳೆದ ನಾಲ್ಕು ವಾರಗಳಲ್ಲಿ, ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಹಗಲಿನಲ್ಲಿ ಉಬ್ಬಸ ಬಂದಿತ್ತೇ? ಉಬ್ಬಸದಿಂದ ರಾತ್ರಿ ಎಚ್ಚರವಾಗಿತ್ತೇ? ವಾರಕ್ಕೆ ಎರಡಕ್ಕಿಂತ ಹೆಚ್ಚು ಬಾರಿ ಶಮನಕಾರಿ ಔಷಧ ಬೇಕಾಯಿತೇ? ಕೆಲಸಕ್ಕೆ, ಆಟಕ್ಕೆ ಅಡ್ಡಿಯಾಯಿತೇ? ಒಂದಕ್ಕಾದರೂ ‘ಹೌದು’ ಎಂಬ ಉತ್ತರ ಬಂದರೆ ರೋಗವು ಪೂರ್ಣ ಹತೋಟಿಯಲ್ಲಿಲ್ಲವೆಂದೇ ತಿಳಿದು, ರೋಗಿಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ಪಂಪು ಅಭ್ಯಾಸವಾಗಿಬಿಡುತ್ತದೆ ಎಂಬ ಅಂಜಿಕೆಯನ್ನು ಮನೆಭೇಟಿಯಲ್ಲಿ ನಿವಾರಿಸಬೇಕು. ಅದರ ಪ್ರಮಾಣ ಮೈಕ್ರೋಗ್ರಾಂಗಳಲ್ಲಿದ್ದು, ಅದು ಮುಖ್ಯವಾಗಿ ಶ್ವಾಸಮಾರ್ಗದಲ್ಲಿಯೇ ಕೆಲಸ ಮಾಡುತ್ತದೆ. ಸ್ಟಿರಾಯ್ಡ್ ಸೇದಿದ ಬಳಿಕ ಬಾಯಿ ಮುಕ್ಕಳಿಸಬೇಕೆಂಬುದನ್ನೂ ತಿಳಿಸಬೇಕು. ಪ್ರಮಾಣವನ್ನು ಇಳಿಸುವುದಾಗಲಿ ಬಿಡುವುದಾಗಲಿ ವೈದ್ಯರ ಸಲಹೆಯಿಂದಲೇ ಆಗತಕ್ಕದ್ದು.

ಪಂಚಾಯಿತಿಯ ಹೊಣೆಯೂ ಇಲ್ಲಿದೆ. ಬೀದಿಯಲ್ಲಿ ಕಸಕ್ಕೆ ಬೆಂಕಿಯಿಡುವುದನ್ನು ತಡೆಯುವುದು, ಶಾಲೆ ಅಂಗನವಾಡಿಗಳ ಸುತ್ತ ಪಾರ್ಥೇನಿಯಂ ಕಳೆಯನ್ನು ಹೂಬಿಡುವ ಮೊದಲೇ ಕೀಳಿಸುವುದು, ಹೊಗೆ ತುಂಬಿದ ಅಡುಗೆಮನೆಗಳನ್ನು ಗುರುತಿಸುವುದು ಇವೆಲ್ಲವೂ ಗ್ರಾಮಮಟ್ಟದಲ್ಲಿಯೇ ಸಾಧ್ಯವಾದ ಕೆಲಸಗಳು.

ಇನ್ನು ಮುಂದೆ ಮನೆಭೇಟಿಯಲ್ಲಿ ‘ಆರಾಮೇ?’ ಎಂದಷ್ಟೇ ಕೇಳಿ ಹಿಂದಿರುಗದೆ, ಈ ನಾಲ್ಕು ಪ್ರಶ್ನೆಗಳನ್ನೂ ಕೇಳಿ ಬರಬೇಕೆಂಬುದೇ ಇಂದಿನ ಉಪನ್ಯಾಸದ ಸಾರ.